ಪೂರ್ತಿ ಎಕ್ಸ್‌ರೇ ತೆಗೆಸದೆ ಬುದ್ಧಿಹಲ್ಲು ಕೀಳಿಸಿಕೊಂಡೆ, ನೀವು ಹಾಗೆ ಮಾಡಬೇಡಿ

ನನ್ನ ಕೆಳದವಡೆಯ ಬುದ್ಧಿಹಲ್ಲು ಅಡ್ಡ ಮಲಗಿತ್ತು. ಅದರ ಮೇಲಿನ ವಸಡು ಆಗಾಗ ಊದಿಕೊಂಡು ಬಾಯಿ ತೆಗೆಯೋಕೇ ಆಗುತ್ತಿರಲಿಲ್ಲ. ಮಾತ್ರೆ ನುಂಗಿದರೆ ಇಳಿಯೋದು, ಒಂದೆರಡು ತಿಂಗಳಿಗೆ ಮತ್ತೆ ಶುರು. ಮೂರನೇ ಸಲ ಊದಿದಾಗ ಕೀಳಿಸಿಬಿಡೋಣ ಅಂತ ಹೊರಟೆ. ಕೀಳಿಸಿದ್ದಕ್ಕೆ ಈಗಲೂ ಬೇಸರವಿಲ್ಲ, ಕೀಳಿಸಿಕೊಂಡ ರೀತಿಗೆ ಇದೆ.

ಕ್ಲಿನಿಕ್ಕಿನಲ್ಲಿ ಬಾಯೊಳಗೆ ಇಡುವ ಚಿಕ್ಕ ಎಕ್ಸ್‌ರೇ ಒಂದನ್ನು ತೆಗೆದರು. ಅದರಲ್ಲಿ ಬೇರಿನ ತುದಿ ಕಾಣುತ್ತಲೇ ಇರಲಿಲ್ಲ ಅನ್ನೋದು ನನಗೆ ಆಮೇಲೆ ತಿಳಿದದ್ದು. "ಹತ್ತು ನಿಮಿಷದ ಕೆಲಸ, ಇವತ್ತೇ ತೆಗೆದುಬಿಡೋಣ" ಅಂದರು. ನನಗೂ ಇನ್ನೊಂದು ದಿನ ರಜೆ ಹಾಕೋದು ಬೇಡವಾಗಿತ್ತು. ಕಾಗದಕ್ಕೆ ಸಹಿ ಹಾಕಿದೆ. ಓದಲಿಲ್ಲ.

ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ದವಡೆಯ ಮೂಳೆಯೊಳಗೇ ಹಾದುಹೋಗುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಅದಕ್ಕೆ ತಾಗಿಕೊಂಡಂತೆಯೇ ಇರುತ್ತದೆ. ಇಡೀ ದವಡೆಯ ಎಕ್ಸ್‌ರೇ, ಅಂದರೆ ಒಪಿಜಿ ತೆಗೆದರೆ ಇದರ ಸುಳಿವು ಸಿಗುತ್ತದೆ. ಅನುಮಾನ ಬಂದರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಇದ್ಯಾವುದನ್ನೂ ನನಗೆ ಯಾರೂ ಹೇಳಲಿಲ್ಲ.

ಹತ್ತು ನಿಮಿಷ ಅಂದದ್ದು ಒಂದೂಕಾಲು ಗಂಟೆ ಆಯಿತು. ಹಲ್ಲು ಅರ್ಧಕ್ಕೆ ಮುರಿಯಿತು, ಮೂಳೆ ಕೊರೆದರು. ನಡುವೆ ನೋವು ತಡೆಯಲಾಗದೆ ಕೈ ಎತ್ತಿದರೆ "ಸ್ವಲ್ಪ ತಡ್ಕೊಳ್ಳಿ, ಆಯ್ತು" ಅಂದರು. ತಡ್ಕೊಂಡೆ, ದಡ್ಡನ ಹಾಗೆ. ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿದಿದ್ದರೆ ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ, ಆದರೆ ಚುಚ್ಚುವ ನೋವು ಆಗಬಾರದು. ಅಂಥ ನೋವಾದರೆ ನಿಲ್ಲಿಸಿ, ಇನ್ನೊಂದು ಇಂಜೆಕ್ಷನ್ ಕೊಡಿ ಅಂತ ಕೇಳಿ.

ಮನೆಗೆ ಕಳಿಸುವಾಗ ಕೊಟ್ಟದ್ದು ಮಾತ್ರೆಯ ಚೀಟಿ ಮತ್ತು "ಹತ್ತಿ ಕಚ್ಚಿಕೊಂಡಿರಿ" ಅನ್ನುವ ಒಂದು ಮಾತು. ಬಾಯಲ್ಲಿ ರಕ್ತದ ರುಚಿ ಬರುತ್ತಿತ್ತು ಅಂತ ಅವತ್ತು ಸಂಜೆಯೆಲ್ಲಾ ಮುಕ್ಕಳಿಸಿ ಮುಕ್ಕಳಿಸಿ ಉಗಿದೆ. ಕಿತ್ತ ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಹೊದಿಕೆ. ಅದು ಕಿತ್ತುಬಂದರೆ ಮೂಳೆ ಬಯಲಾಗುತ್ತದೆ. ಅದಕ್ಕೇ ಮೊದಲ 24 ಗಂಟೆ ಮುಕ್ಕಳಿಸಬಾರದು, ಜೋರಾಗಿ ಉಗಿಯಬಾರದು, ಸ್ಟ್ರಾ ಹಾಕಿ ಹೀರಬಾರದು. ಸಿಗರೇಟಂತೂ ಹಲವು ದಿನ ಮುಟ್ಟಲೇಬಾರದು. ಉಗಿದವನು ನಾನೇ, ಒಪ್ಪುತ್ತೇನೆ, ಆದರೆ ಚೀಟಿಯ ಹಿಂದೆ ಎರಡು ಸಾಲು ಬರೆದುಕೊಡೋಕೆ ಏನಾಗಿತ್ತು?

ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ರಾತ್ರಿ ಕಿವಿಯೊಳಗೆ ಕಬ್ಬಿಣ ಕಾಯಿಸಿ ಇಟ್ಟ ಹಾಗೆ ನೋವು, ಬಾಯಲ್ಲಿ ನನಗೇ ಹೇಸಿಗೆಯಾಗುವ ವಾಸನೆ. ಫೋನ್ ಮಾಡಿದರೆ "ನಾರ್ಮಲ್, ಮಾತ್ರೆ ಮುಂದುವರಿಸಿ." ಇಲ್ಲೊಂದು ಮಾತು ನೆನಪಿಡಿ: ಹಲ್ಲು ಕಿತ್ತ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮೂರು ನಾಲ್ಕನೇ ದಿನ ಮತ್ತೆ ಏರಿದರೆ ಫೋನಿನಲ್ಲಿ ಮುಗಿಸಬೇಡಿ, ಹೋಗಿ ಬಾಯಿ ತೋರಿಸಿ. ಐದನೇ ದಿನ ಬೇರೆ ಡೆಂಟಿಸ್ಟ್ ಹತ್ತಿರ ಹೋದೆ. ಅವರು ನೋಡಿದ ತಕ್ಷಣ "ಡ್ರೈ ಸಾಕೆಟ್" ಅಂದರು, ಅಂದರೆ ಹೆಪ್ಪು ಕಿತ್ತುಬಂದು ಮೂಳೆ ಬಯಲಾಗಿತ್ತು. ಗುಣಿ ತೊಳೆದು ಔಷಧಿಯ ಪಟ್ಟಿ ತುಂಬಿದರು. ಗಂಟೆಯೊಳಗೆ ನೋವು ಅರ್ಧ ಇಳಿಯಿತು. ಆ್ಯಂಟಿಬಯಾಟಿಕ್ ಎಷ್ಟು ನುಂಗಿದರೂ ಈ ನೋವು ಹೋಗುತ್ತಿರಲಿಲ್ಲವಂತೆ.

ತುಟಿಯ ಮರಗಟ್ಟು ಮಾತ್ರ ಬಿಟ್ಟಿರಲಿಲ್ಲ. ಇಂಜೆಕ್ಷನ್ನಿನ ಪ್ರಭಾವ ಕೆಲವು ಗಂಟೆಗಳಲ್ಲಿ ಹೋಗಬೇಕು, ನನಗೆ ಐದು ದಿನವಾದರೂ ಹೋಗಿರಲಿಲ್ಲ. ಒಪಿಜಿ ತೆಗೆಸಿದರು: ಬೇರು ಇದ್ದ ಜಾಗದ ಕೆಳಗೇ ನರದ ಗೆರೆ. ನೀರು ಕುಡಿದರೆ ಗದ್ದದ ಮೇಲೆ ಇಳಿದದ್ದೂ ಗೊತ್ತಾಗುತ್ತಿರಲಿಲ್ಲ. ಗಡ್ಡ ಬೋಳಿಸುವಾಗ ಗಾಯವಾದರೆ ರಕ್ತ ನೋಡಿಯೇ ತಿಳಿಯಬೇಕು. ನಾಲ್ಕು ತಿಂಗಳಾಯಿತು, ಬಹುಪಾಲು ಸ್ಪರ್ಶ ಮರಳಿದೆ, ಗದ್ದದಲ್ಲಿ ಬೊಟ್ಟಿನಗಲ ಜಾಗ ಇನ್ನೂ ನನ್ನದಲ್ಲ.

ನುರಿತವರ ಕೈಯಲ್ಲೂ ನರಕ್ಕೆ ಪೆಟ್ಟಾಗಬಹುದು, ಅದನ್ನು ತಪ್ಪು ಅನ್ನೋಲ್ಲ. ಮೊದಲೇ ಹೇಳಿದ್ದರೆ ಬಾಯಿ ಶಸ್ತ್ರಚಿಕಿತ್ಸಕರ ಹತ್ತಿರ ಹೋಗುತ್ತಿದ್ದೆ, ಅಷ್ಟೇ. ಆದ್ದರಿಂದ ಕುರ್ಚಿ ಹತ್ತುವ ಮುಂಚೆ ಎಕ್ಸ್‌ರೇ ತೋರಿಸಿ ಬೇರು ಎಲ್ಲಿದೆ, ನರ ಎಲ್ಲಿದೆ ಅಂತ ಬೆರಳಿಟ್ಟು ಹೇಳಿಸಿಕೊಳ್ಳಿ. ರಕ್ತ ತೆಳುವಾಗಿಸುವ ಅಥವಾ ಮೂಳೆ ಸವೆತದ ಮಾತ್ರೆ ತಗೊಳ್ಳುತ್ತಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ರಾತ್ರಿ ನೋವಾದರೆ ಯಾರು ಫೋನ್ ಎತ್ತುತ್ತಾರೆ ಅಂತಲೂ ಕೇಳಿ. ಎಕ್ಸ್‌ರೇ ಪ್ರತಿಯನ್ನು ಅವತ್ತೇ ಇಸ್ಕೊಳ್ಳಿ. ಆಮೇಲೆ ಹೋಗಿ ಕೇಳಿದಾಗ ನನಗೆ ಸಿಕ್ಕಿದ್ದು ಬಿಲ್ಲು ಮಾತ್ರ.