ಹಳೆ ಮಹೀಂದ್ರಾ ಎಂಎಂ 540 ಜೀಪಿಗೆ ಯಾವ ಇಂಜಿನ್? ಟೊಯೋಟಾ, ಡಿಐ, ಪ್ಯೂಜೋ ಮೂರೂ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜೀಪಿನಲ್ಲಿ ಈಗ ಇರುವುದು ಪ್ಯೂಜೋ ಎಕ್ಸ್‌ಡಿಪಿ 4.90. ಅಂದರೆ ಕಂಪನಿಯಿಂದ ಬಂದಾಗ ಇದ್ದ ಜಾತಿಯದೇ. ನಡುವೆ ಎರಡು ವರ್ಷ ಟೊಯೋಟಾ ಹಾಕಿಸಿ ಓಡಿಸಿದೆ. ಭಾವನ ಡಿಐ (ಡೈರೆಕ್ಟ್ ಇಂಜೆಕ್ಷನ್, ಮಹೀಂದ್ರಾದ್ದೇ ಇನ್ನೊಂದು ಡೀಸೆಲ್ ಇಂಜಿನ್) ಜೀಪನ್ನು ಒಂದು ವಾರ ಕಾಫಿ ಕೊಯ್ಲಿಗೆ ತಂದು ದುಡಿಸಿದೆ. ಆಮೇಲೆ ಪ್ಯೂಜೋಗೇ ವಾಪಸ್ ಬಂದೆ. ಈಗ ಯಾರು ಕೇಳಿದರೂ ನಾನು ಹೇಳುವುದು ಅದನ್ನೇ.

ಜೀಪು 1992ರ ಮಾಡೆಲ್, ಕೆಎ-18 ನಂಬರು. ಅಪ್ಪ ತಂದದ್ದು. ಆಲ್ದೂರಿನ ಹತ್ತಿರ ನಮ್ಮ ತೋಟ. ಮನೆಯಿಂದ ಕೆಳಗಿನ ಪಟ್ಟೆಗೆ ಇಳಿಯುವ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಫೋರ್ ವೀಲ್ ಇಲ್ಲದ ಗಾಡಿ ಅಲ್ಲಿಗೆ ಹೋಗುವುದೇ ಇಲ್ಲ. ಒಂದು ಫೆಬ್ರವರಿಯಲ್ಲಿ ರೋಬಸ್ಟಾ ಹಣ್ಣು ಹೇರಿಕೊಂಡು ಹತ್ತುವಾಗ ರೇಡಿಯೇಟರ್ ಹೋಸ್ ಒಡೆಯಿತು. ಗೊತ್ತಾಗುವಷ್ಟರಲ್ಲಿ ಹೆಡ್ ಬಿರುಕು ಬಿಟ್ಟಿತ್ತು, ಎರಡು ಸಿಲಿಂಡರ್ ಗೀಚಿ ಹೋಗಿತ್ತು.

ಆಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಕ್ವಾಲಿಸ್ ಇಂಜಿನ್ ಹಾಕಿಸಿ. ಟೊಯೋಟಾ 2ಎಲ್, 2446 ಸಿಸಿ. ಒಳ್ಳೆಯ ಇಂಜಿನ್, ಅದರಲ್ಲಿ ಎರಡು ಮಾತಿಲ್ಲ. ಗುಜರಿಯಿಂದ 80 ಸಾವಿರಕ್ಕೆ ತಂದೆ. ಟೈಮಿಂಗ್ ಬೆಲ್ಟ್ ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿರಲ್ಲ, ಹಾಗಾಗಿ ಕೂರಿಸುವ ಮೊದಲೇ ಅದನ್ನು ಬದಲಿಸಿದೆವು. ಮೊದಲ ತಿಂಗಳು ಜೀಪು ಹೂವಿನ ಹಾಗೆ ಓಡಿತು.

ತಕರಾರು ಇಂಜಿನ್ನಿನದಲ್ಲ, ಅದರ ಹಿಂದಿನ ಪ್ಲೇಟಿನದು. ಟೊಯೋಟಾ ಇಂಜಿನ್ ಹಿಂಬದಿಯ ಬೋಲ್ಟ್ ತೂತುಗಳೇ ಬೇರೆ, ಮಹೀಂದ್ರಾ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್‌ನವೇ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಬೇರೆ. ನಡುವೆ ಒಂದು ಕಬ್ಬಿಣದ ಅಡಾಪ್ಟರ್ ಪ್ಲೇಟ್ ಕೊರೆಸಿ ಕೂರಿಸಬೇಕು. ನೋಡಲು ಸುಮ್ನೆ ಒಂದು ತಗಡು. ಆದರೆ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹೋಗಿ ಕೂರುವುದು ಕ್ರ್ಯಾಂಕಿನ (ಇಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಹಿಂದಿರುವ ಪೈಲಟ್ ಬೇರಿಂಗ್ ಎಂಬ ಪುಟ್ಟ ಬೇರಿಂಗಿನೊಳಗೆ. ಶಾಫ್ಟು, ಕ್ರ್ಯಾಂಕು ಎರಡರ ಸೆಂಟರೂ ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಹಿಡಿಯುವುದು ಬೋಲ್ಟ್ ಅಲ್ಲ, ಡೋವೆಲ್ ಪಿನ್, ಅಂದರೆ ತೂತಿನಲ್ಲಿ ಬಿಗಿಯಾಗಿ ಕೂರುವ ಗೂಟ. ಬೋಲ್ಟಿನ ತೂತಿನಲ್ಲಿ ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ. ನಮ್ಮ ಪ್ಲೇಟಿಗೆ ಡೋವೆಲ್ ಪಿನ್ನೇ ಇರಲಿಲ್ಲ.

ಎರಡನೇ ತಿಂಗಳಿಂದ ಶುರುವಾಯಿತು. ಬೆಳಿಗ್ಗೆ ತಣ್ಣಗಿದ್ದಾಗ ಗೇರ್ ಸಲೀಸಾಗಿ ಬೀಳುತ್ತಿತ್ತು. ಒಂದು ಗಂಟೆ ಓಡಿದ ಮೇಲೆ ಕ್ಲಚ್ ಪೂರ್ತಿ ತುಳಿದರೂ ಫಸ್ಟ್ ಗೇರು ಕರ್ ಎನ್ನುತ್ತಿತ್ತು. ಕ್ಲಚ್ ಪ್ಲೇಟ್ ಬದಲಿಸಿದೆವು. ಸರಿಹೋಗಲಿಲ್ಲ. ಕ್ಲಚ್ಚಿನ ಸಿಲಿಂಡರ್ ಬದಲಿಸಿದೆವು. ಅದೂ ಅಲ್ಲ. ಕೊನೆಗೆ ಏರಿನಲ್ಲಿ ಲೋಡ್ ಇರುವಾಗ ಸೆಕೆಂಡ್ ಗೇರ್ ತಾನಾಗಿಯೇ ಜಾರತೊಡಗಿತು. ಹಿಂದೆ ಮೂಟೆಗಳ ಮೇಲೆ ಆಳುಗಳು ಕೂತಿದ್ದಾಗ ಗೇರ್ ಜಾರಿದರೆ ಹೇಗಿರುತ್ತದೆ, ಯೋಚಿಸಿ. ಅವತ್ತು ಬ್ರೇಕ್ ಹಿಡಿಯಿತು, ಬಚಾವಾದೆವು.

ಗೇರ್‌ಬಾಕ್ಸ್ ಇಳಿಸಿದಾಗ ಪೈಲಟ್ ಬೇರಿಂಗ್ ಪುಡಿಯಾಗಿತ್ತು. ಮೆಕ್ಯಾನಿಕ್ ಅದರ ಸೂಜಿಗಳನ್ನು ಪೇಪರ್ ಮೇಲೆ ಸುರಿದ. ಸುಟ್ಟು ನೀಲಿಗಟ್ಟಿದ್ದವು, ಎರಡು ಮುರಿದಿದ್ದವು. ಬೇರಿಂಗ್ ಬಿಗಿದುಕೊಂಡು ಶಾಫ್ಟನ್ನೂ ಜೊತೆಗೇ ತಿರುಗಿಸುತ್ತಿತ್ತು, ಹಾಗಾಗಿ ಕ್ಲಚ್ ತುಳಿದರೂ ಶಾಫ್ಟ್ ನಿಲ್ಲುತ್ತಿರಲಿಲ್ಲ. ಕ್ರ್ಯಾಂಕಿನ ಹಿಂದಿನ ಫ್ಲೈವೀಲಿಗೆ ಡಯಲ್ ಗೇಜ್ (ಸಣ್ಣ ವ್ಯತ್ಯಾಸ ಅಳೆಯುವ ಮುಳ್ಳಿನ ಮೀಟರ್) ಕಚ್ಚಿಸಿ, ಬೆಲ್ ಹೌಸಿಂಗಿನ ಬಾಯಿಗೆ ಮುಟ್ಟಿಸಿ, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದ. ಮುಳ್ಳು ಅರ್ಧ ಮಿಲಿಮೀಟರ್ ಓಡಿತು. "ಅಣ್ಣಾ, ಇದು ಇಷ್ಟು ದಿನ ಓಡಿದ್ದೇ ದೊಡ್ಡದು" ಅಂದ. ಪಿನ್ ಇಟ್ಟು ಹೊಸ ಪ್ಲೇಟ್ ಮಾಡಿಸಿದ ಮೇಲೆ ತೊಂದರೆ ನಿಂತಿತು. ಅಷ್ಟರಲ್ಲಿ ಒಟ್ಟು ಖರ್ಚು 1 ಲಕ್ಷ 80 ಸಾವಿರ ದಾಟಿತ್ತು. ಯಾರಾದರೂ ಬೇರೆ ಕಂಪನಿಯ ಇಂಜಿನ್ ಹಾಕಿಸುವುದಾದರೆ, ಗೇರ್‌ಬಾಕ್ಸ್ ಮೇಲೇರಿಸುವ ಮೊದಲು ಗೇಜ್ ಹಚ್ಚಿ ತೋರಿಸು ಎಂದು ಕೇಳಿ. ನಾಚಿಕೆ ಬೇಡ.

ಇನ್ನು ಡಿಐ. ಭಾವನ ಜೀಪು ಸಕಲೇಶಪುರದ ಕಡೆಯದು. 2523 ಸಿಸಿ, ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಇಂಜಿನ್. ಬೋರ್ (ಸಿಲಿಂಡರಿನ ಅಗಲ) ಮೂರೂವರೆ ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) ನಾಲ್ಕು ಇಂಚು. ಸ್ಟ್ರೋಕ್ ಉದ್ದ ಇರುವುದರಿಂದ ನಿಧಾನದಲ್ಲೇ ಎಳೆಯುತ್ತದೆ. ಎಂಟು ಮೂಟೆ ಹಾಕಿ ನಮ್ಮ ಏರು ಹತ್ತಿಸಿದೆ, ಆಕ್ಸಿಲರೇಟರ್ ಮುಟ್ಟುವುದೇ ಬೇಡ. "ಗೇರ್ ಇಳಿಸೋ ಕೆಲಸವೇ ಇಲ್ಲ ನೋಡು" ಎಂದು ಭಾವ ಹೇಳಿದ್ದು ನಿಜ. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದರಿಂದ ಡಿಸೆಂಬರ್ ಚಳಿಯಲ್ಲೂ ಇಂಜಿನ್ ಬಿಸಿಮಾಡುವ ಹೀಟರ್ ಪ್ಲಗ್‌ಗೆ ಕಾಯದೆ ಸ್ಟಾರ್ಟ್ ಆಯಿತು. ತೋಟದೊಳಗಷ್ಟೇ ಜೀಪು ಓಡಿಸುವವರು ಡಿಐ ಕಡೆ ವಾಲಿದರೆ ನಾನು ತಪ್ಪು ಅನ್ನಲ್ಲ.

ಆದರೆ ನಾನು ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗುವವನು. ಡಿಐ 3200 ಆರ್‌ಪಿಎಂ ಹತ್ತಿರ ಬಂದರೆ ಅದರ ಉಸಿರು ಮುಗಿಯಿತು. ಟಾರ್ ರಸ್ತೆಯಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇರುತ್ತದೆ. ನಡುಕವೂ ಜಾಸ್ತಿ. ಅಮ್ಮನಿಗೆ ಮಂಡಿ ನೋವು, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೂ ಇದೇ ಜೀಪಿನಲ್ಲಿ. ಒಂದೇ ಸಲ ಡಿಐನಲ್ಲಿ ಕೂತರು, ಮತ್ತೆ ಬೇಡ ಅಂದರು.

ಟೊಯೋಟಾ ಸರಿಯಾದ ಮೇಲೂ ಯಾಕೆ ತೆಗೆದೆ? ಆರ್‌ಸಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕಲ್ವಾ, ಆಗ ಇಂಜಿನ್ ನಂಬರ್ ತಾಳೆ ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಇರಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆ ದೃಷ್ಟಿಯಲ್ಲಿ ಡಿಐ ಮಹೀಂದ್ರಾದ್ದೇ ಆದರೂ ಸಿಸಿ ಬೇರೆ, ಇಂಜಿನ್ ಬೇರೆ. ನಾನು ಇದನ್ನೆಲ್ಲ ಇಂಜಿನ್ ತರುವ ಮೊದಲೇ ವಿಚಾರಿಸಬೇಕಿತ್ತು.

ಪ್ಯೂಜೋದಲ್ಲಿ ಆ ಗೋಜಿಲ್ಲ. 4.90 ಅಂದರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ. ಆರ್‌ಸಿಯಲ್ಲಿ ಬರೆದದ್ದೂ ಅಷ್ಟೇ. ಬದಲಾಗುವುದು ಇಂಜಿನ್ ನಂಬರ್ ಒಂದೇ. ಅದಕ್ಕೂ ಆರ್‌ಟಿಒ ಒಪ್ಪಿಗೆ ಬೇಕು, ಹಾಗಾಗಿ ನಂಬರ್ ಬರೆದ ಬಿಲ್ ಇಲ್ಲದೆ ಇಂಜಿನ್ ತರಬೇಡಿ. 38 ಸಾವಿರಕ್ಕೆ ಇಂಜಿನ್ ಸಿಕ್ಕಿತು. ಪಿಸ್ಟನ್, ರಿಂಗ್, ಬೇರಿಂಗ್, ಪಂಪ್ ಕೆಲಸ ಎಲ್ಲಾ ಸೇರಿ ಇನ್ನೊಂದು 57 ಸಾವಿರ. ಹಳೆ ಮೌಂಟಿಂಗ್, ಹಳೆ ಬೆಲ್ ಹೌಸಿಂಗ್, ಹಳೆ ಗೇರ್‌ಬಾಕ್ಸ್. ಬೆಳಿಗ್ಗೆ ಶುರು ಮಾಡಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂರಿಸಿ ಆಗಿತ್ತು.

ಬಿಡಿಭಾಗಕ್ಕೆ ಸ್ವಲ್ಪ ಅಲೆಯಬೇಕು. ಏರಿನಲ್ಲಿ ಡಿಐನಷ್ಟು ಬಲ ಇಲ್ಲ, ಲೋಡ್ ಇದ್ದರೆ ನಾನು ಮೊದಲೇ ಲೋ ಗೇರ್ ಹಾಕುತ್ತೇನೆ. ಹೀಟರ್ ಪ್ಲಗ್ ನಾಲ್ಕೂ ಸರಿ ಇರಬೇಕು, ಒಂದು ಹೋದರೂ ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು ಒದ್ದಾಡುತ್ತದೆ. ಎರಡು ಹೊಸ ಪ್ಲಗ್ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿರುತ್ತೇನೆ, ಜೊತೆಗೆ ಒಂದು ರೇಡಿಯೇಟರ್ ಹೋಸ್.