ಒಗ್ಗರಣೆಯ ಹೊಗೆ ಮತ್ತು ಒಂಬತ್ತು ಅಡಿಯ ಕಿಟಕಿ: ಷಿಕಾಗೋದ ಹಳೆಯ ಮುದ್ರಣಾಲಯದಲ್ಲಿ ಒಂಬತ್ತು ವರ್ಷ

ಷಿಕಾಗೋ ನಗರದ ಡಿಯರ್‌ಬಾರ್ನ್ ಬೀದಿಯ ದಕ್ಷಿಣ ಭಾಗದಲ್ಲಿ, ಹಿಂದೆ ಮುದ್ರಣಾಲಯವಾಗಿದ್ದು ಈಗ ವಸತಿ ಕಟ್ಟಡವಾಗಿರುವ ಕಡೆ ನಾನೂ ನನ್ನ ಪತ್ನಿಯೂ 2016ರ ಆಗಸ್ಟ್‌ನಿಂದ ಬಾಡಿಗೆಗೆ ಇದ್ದೇವೆ. ಇಂಥ ಮನೆಗಳ ಜಾಹೀರಾತುಗಳನ್ನು ನೀವು ನೋಡಿಯೇ ಇರುತ್ತೀರಿ. ಗಿಲಾವು ಮಾಡದ ಇಟ್ಟಿಗೆಯ ಗೋಡೆ, ಹದಿಮೂರು ಅಡಿ ಎತ್ತರದ ಸೂರು, ಅಣಬೆಯಂತೆ ತಲೆ ಅರಳಿದ ಕಾಂಕ್ರೀಟ್ ಕಂಬಗಳು, ಇವೆಲ್ಲವೂ ನಮ್ಮಲ್ಲಿವೆ. ಅವನ್ನು ಮತ್ತೆ ವರ್ಣಿಸುವ ಅಗತ್ಯವಿಲ್ಲ. ಯಾವ ಜಾಹೀರಾತಿನಲ್ಲಿಯೂ ಕಾಣದ ಒಂದು ಸಂಗತಿ ಒಲೆಯ ಮೇಲಿದೆ. ಈ ವಿಮರ್ಶೆಯ ಬಹುಭಾಗ ಅದರ ಬಗ್ಗೆಯೇ ಇರುತ್ತದೆ.

ನಮ್ಮ ಅಡುಗೆಮನೆಯ ಚಿಮಣಿ ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಅದು ಹೊಗೆಯನ್ನು ಒಳಕ್ಕೆ ಎಳೆದು, ಇದ್ದಿಲಿನ ತೆಳುವಾದ ಜಾಲರಿಯೊಂದರ ಮೂಲಕ ಹಾಯಿಸಿ, ಮತ್ತೆ ನಮ್ಮ ಮುಖಕ್ಕೇ ಬಿಡುತ್ತದೆ. ಹಾಲು ಕಾಯಿಸುವವರಿಗೆ, ಬ್ರೆಡ್ ಬಿಸಿ ಮಾಡಿಕೊಳ್ಳುವವರಿಗೆ ಇದು ಗೊತ್ತೂ ಆಗುವುದಿಲ್ಲ. ನಾವು ಗದಗಿನವರು. ವಾರಕ್ಕೆ ನಾಲ್ಕು ದಿನವಾದರೂ ಜೋಳದ ರೊಟ್ಟಿ, ದಿನಕ್ಕೆ ಕನಿಷ್ಠ ಎರಡು ಒಗ್ಗರಣೆ, ತಿಂಗಳಿಗೊಮ್ಮೆ ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಕೆಲಸ ನಮ್ಮಲ್ಲಿ ತಪ್ಪುವುದಿಲ್ಲ. ಮೊದಲ ವಾರವೇ ಮೆಣಸಿನಕಾಯಿ ಹುರಿದಾಗ ಸೂರಿನಲ್ಲಿದ್ದ ಹೊಗೆಯ ಎಚ್ಚರಿಕೆ ಗಂಟೆ ಕೂಗಿಕೊಂಡಿತು. ಹದಿಮೂರು ಅಡಿ ಎತ್ತರದಲ್ಲಿರುವ ಗಂಟೆಯನ್ನು ನಿಲ್ಲಿಸಲು ಯಾವ ಕುರ್ಚಿಯ ಮೇಲೆ ಹತ್ತಿದರೂ ಕೈ ಎಟುಕುವುದಿಲ್ಲವೆಂಬುದು ನಮಗೆ ಅಂದು ತಿಳಿಯಿತು.

ಹೊರಗೆ ಒಂದು ಕೊಳವೆ ಹಾಕಿಸಿಕೊಡಿ ಎಂದು ಕಟ್ಟಡದ ನಿರ್ವಹಣಾ ಕಚೇರಿಗೆ ಬರೆದೆ. ಸಾಧ್ಯವಿಲ್ಲ ಎಂಬ ಉತ್ತರ ಬಂದಿತು. ಕಾರಣ ಮಾತ್ರ ಹೇಳಿರಲಿಲ್ಲ. ಅದನ್ನು ನಾನೇ ಓದಿ ತಿಳಿದುಕೊಂಡೆ. ಈ ಬೀದಿಯ ಮುದ್ರಣಾಲಯಗಳ ಸಾಲನ್ನು ನಗರಾಡಳಿತವು 1996ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಹೊರಗೋಡೆಯಲ್ಲಿ ಒಂದು ರಂಧ್ರ ಕೊರೆಯಬೇಕಾದರೂ ಅದು ನಗರದ ಸ್ಮಾರಕ ಆಯೋಗದ ಪರಿಶೀಲನೆಗೆ ಹೋಗಬೇಕು. ಇದರ ಜೊತೆಗೆ ಹಣದ ಲೆಕ್ಕಾಚಾರವೂ ಇದೆ. ಅಮೆರಿಕದ ಕೇಂದ್ರ ಸರ್ಕಾರವು ಇಂಥ ಹಳೆಯ ಕಟ್ಟಡವನ್ನು ನವೀಕರಿಸಿ ಬಾಡಿಗೆಗೆ ಕೊಡುವವರಿಗೆ, ಖರ್ಚಾದ ಹಣದ ಶೇ. 20ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಹತ್ತು ಮಾನದಂಡಗಳನ್ನು ಪಾಲಿಸಬೇಕು, ಕಟ್ಟಡದ ಮೂಲ ರೂಪವನ್ನು ಕೆಡಿಸಬಾರದು. ಪ್ರತಿ ಅಡುಗೆಮನೆಗೂ ಒಂದೊಂದು ತೂತು ಬಿದ್ದರೆ ಇಟ್ಟಿಗೆಯ ಮುಖ ಜರಡಿಯಾಗುತ್ತದೆ. ಗೋಡೆಯ ಬದಲು ಮಾಳಿಗೆಯವರೆಗೆ ಕೊಳವೆ ಒಯ್ಯುವುದಾದರೆ ಪ್ರತಿ ಅಂತಸ್ತಿನಲ್ಲಿಯೂ ಬಾಡಿಗೆ ತರುವ ಜಾಗ ಅಷ್ಟಷ್ಟು ಕಡಿಮೆಯಾಗುತ್ತದೆ. ಹೀಗಾಗಿ ಇದ್ದಿಲ ಜಾಲರಿಯೇ ಎಲ್ಲರಿಗೂ ಸುಲಭವಾಗಿ ಕಂಡಿದೆ, ಅಡುಗೆ ಮಾಡುವವರನ್ನು ಬಿಟ್ಟು.

2018ರಲ್ಲಿ ಮೂರು ತಿಂಗಳು ಇದ್ದು ಹೋಗಲು ಬಂದ ನನ್ನ ತಾಯಿಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇಷ್ಟ್ ದೊಡ್ಡ ಊರಾಗ ಗೋಡಿಗೊಂದು ತೂತು ಹಾಕಾಕ ಬಿಡಂಗಿಲ್ಲೇನಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗೋಡೆಗಳ ಮಾತು ಬಂದುದರಿಂದ ಇನ್ನೊಂದು ದೂರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈ ಮನೆಯಲ್ಲಿ ನೆಲ ಹಳೆಯದು, ಮನೆಮನೆಗಳ ನಡುವಿನ ಗೋಡೆ ಹೊಸದು. ಟನ್ನುಗಟ್ಟಲೆ ತೂಗುವ ಮುದ್ರಣ ಯಂತ್ರಗಳನ್ನೂ ಕಾಗದದ ರಾಶಿಗಳನ್ನೂ ಹೊರಲೆಂದು ಹಾಕಿದ ನೆಲವಾದ್ದರಿಂದ ಮೇಲಿನ ಮನೆಯ ಮಕ್ಕಳು ಕುಣಿದರೂ ನಮಗೆ ಕೇಳಿಸುವುದಿಲ್ಲ. ಆದರೆ ಪಕ್ಕದ ಮನೆಯವರ ದೂರವಾಣಿ ಸಂಭಾಷಣೆ ಜಿಪ್ಸಮ್ ಹಲಗೆಯ ಗೋಡೆಯನ್ನು ದಾಟಿ ಅಕ್ಷರಶಃ ನಮ್ಮ ಕಿವಿಗೆ ಬೀಳುತ್ತದೆ. ನಮ್ಮ ಕುಕ್ಕರಿನ ಸೀಟಿ ಅವರಿಗೂ ಕೇಳುತ್ತದೆಂದು ಬಹಳ ತಡವಾಗಿ ಗೊತ್ತಾಯಿತು. ಒಂದು ದಿನ ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯ ಹಿರಿಯ ಮಹಿಳೆ, ಭಾನುವಾರ ಮೂರು ಸಲ, ಉಳಿದ ದಿನ ನಾಲ್ಕು ಸಲ ಕೂಗುವ ಆ ಯಂತ್ರ ಯಾವುದು ಎಂದು ಬಹಳ ಸಂಕೋಚದಿಂದ ವಿಚಾರಿಸಿದರು.

ಚಳಿಗಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಗಾಳಿ ಸೂರಿನ ಬಳಿಯ ಕೊಳವೆಯಿಂದ ಬಂದು ಸೂರಿನ ಬಳಿಯೇ ಉಳಿಯುತ್ತದೆ. ಮೇ ತಿಂಗಳಲ್ಲಿ 70 ಡಾಲರ್ ಬರುವ ವಿದ್ಯುತ್ ಬಿಲ್ಲು ಜನವರಿಯಲ್ಲಿ 210ಕ್ಕೆ ಏರುತ್ತದೆ.

ಮೊದಲ ಮೂರು ವರ್ಷ ಈ ಮನೆಯ ಬಗ್ಗೆ ಯಾರು ಕೇಳಿದರೂ ನಾನು ಇಷ್ಟನ್ನೇ ಹೇಳುತ್ತಿದ್ದೆ, ಮತ್ತು ನಗರದ ಹೊರಗೆ ಹೊಸ ಮನೆ ಹುಡುಕಿಕೊಳ್ಳುವುದು ಒಳ್ಳೆಯದೆಂದು ಸೇರಿಸುತ್ತಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ಒಂದು ಕಿಟಕಿಯಿಂದ.

ನಮ್ಮ ಮನೆಯ ಪಶ್ಚಿಮ ಗೋಡೆಯಲ್ಲಿ ಒಂಬತ್ತು ಅಡಿ ಎತ್ತರದ ಮೂರು ಕಿಟಕಿಗಳಿವೆ. ಪ್ರತಿ ಕಿಟಕಿಗೂ ಮೇಲೆ ಕೆಳಗೆ ಜಾರುವ ಎರಡು ಪಡಿಗಳು: ಒಂದು ಮೇಲೆ, ಒಂದು ಕೆಳಗೆ. ಎರಡನ್ನೂ ಚೌಕಟ್ಟಿನೊಳಗೆ ಅಡಗಿರುವ ಹಗ್ಗ ಮತ್ತು ಬೀಡುಕಬ್ಬಿಣದ ತೂಕಗಳು ಹಿಡಿದಿರುತ್ತವೆ. ನಾವು ಕೆಳಗಿನ ಪಡಿಯನ್ನಷ್ಟೇ ಎತ್ತುತ್ತಿದ್ದೆವು. ಹೊರಗಿನ ಚಳಿ ಒಳಗೆ ನುಗ್ಗುತ್ತಿತ್ತು, ಹೊಗೆ ಮಾತ್ರ ಸೂರು ಬಿಟ್ಟು ಕದಲುತ್ತಿರಲಿಲ್ಲ. 2019ರ ಶರತ್ಕಾಲದಲ್ಲಿ ತುಂಡಾದ ಹಗ್ಗವನ್ನು ಬದಲಿಸಲು ಬಂದ ವಯಸ್ಸಾದ ಕೆಲಸಗಾರರೊಬ್ಬರು ನಮ್ಮ ಮನೆಯ ವಾಸನೆಯನ್ನು ಗಮನಿಸಿ, ಮೇಲಿನ ಪಡಿಯನ್ನೇಕೆ ಇಳಿಸುವುದಿಲ್ಲ ಎಂದು ಕೇಳಿದರು. ಅದು ಇಳಿಯುತ್ತದೆಂಬುದೇ ನಮಗೆ ತಿಳಿದಿರಲಿಲ್ಲ. ಹಲವು ಪದರ ಬಣ್ಣ ಬಳಿದೂ ಬಳಿದೂ ಅದು ಚೌಕಟ್ಟಿಗೆ ಅಂಟಿಕೊಂಡಿತ್ತು. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸವಿರಬಹುದೆಂಬ ಎಚ್ಚರಿಕೆಯ ಕಾಗದಕ್ಕೆ ಬಾಡಿಗೆ ಕರಾರಿನ ಸಮಯದಲ್ಲಿಯೇ ಸಹಿ ಮಾಡಿದ್ದೆವು; ಆದ್ದರಿಂದ ಅವರು ಮರುದಿನ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗಿಗೆ ಮುಖಗವಸು ಕಟ್ಟಿಕೊಂಡು, ನೀರು ಚಿಮುಕಿಸುತ್ತಾ ಬಣ್ಣದ ಅಂಟನ್ನು ಚಾಕುವಿನಿಂದ ಬಿಡಿಸಿದರು. ಕೆಲಸ ಮುಗಿದ ಮೇಲೆ ತುದಿಗೆ ಹಿತ್ತಾಳೆಯ ಕೊಕ್ಕೆಯಿರುವ ಉದ್ದನೆಯ ಕೋಲೊಂದನ್ನು ಕೊಟ್ಟು, ಮೇಲಿನ ಪಡಿಯನ್ನು ನಾಲ್ಕು ಬೆರಳು ಇಳಿಸಿ, ಕೆಳಗಿನದನ್ನು ನಾಲ್ಕು ಬೆರಳು ಏರಿಸಿ ತೋರಿಸಿದರು.

ಅಂದು ರಾತ್ರಿ ಪರೀಕ್ಷೆಗೆಂದೇ ಮೆಣಸಿನಕಾಯಿ ಹುರಿದೆವು. ಬಿಸಿಯಾದ ಹೊಗೆ ಸೂರಿಗೆ ಏರಿ ಮೇಲಿನ ಸಂದಿಯಿಂದ ಹೊರಗೆ ಹೋಯಿತು, ತಂಪು ಗಾಳಿ ಕೆಳಗಿನ ಸಂದಿಯಿಂದ ಒಳಗೆ ಬಂದು ಅದನ್ನು ತಳ್ಳಿತು. ಗಂಟೆ ಕೂಗಲಿಲ್ಲ. ಎತ್ತರದ ಸೂರು, ಎತ್ತರದ ಕಿಟಕಿ, ಎರಡೂ ಕಡೆ ತೆರೆಯುವ ಪಡಿ ಇವು ಅಲಂಕಾರಕ್ಕೆ ಇದ್ದವಲ್ಲ. ಅಕ್ಷರಗಳ ಅಚ್ಚುಮೊಳೆ ಜೋಡಿಸುವವರಿಗೆ ಬೆಳಕು ಬೇಕಾಗಿತ್ತು. ಸೀಸ ಕರಗಿಸಿ ಸಾಲು ಸಾಲಾಗಿ ಅಚ್ಚು ಎರಕ ಹೊಯ್ಯುವ ಲೈನೋಟೈಪ್ ಯಂತ್ರಗಳ ಸೆಕೆ ಮತ್ತು ಹೊಗೆಯೂ ಹೊರಗೆ ಹೋಗಬೇಕಾಗಿತ್ತು. ಗದಗಿನಲ್ಲಿ ನಮ್ಮ ಸೋದರಮಾವನ ಮುದ್ರಣಾಲಯದಲ್ಲಿ ರಜೆಯ ದಿನಗಳಲ್ಲಿ ಮೊಳೆಗಳನ್ನು ಬಿಡಿಸಿ, ಅವನ್ನಿಡುವ ಪೆಟ್ಟಿಗೆಗಳಾದ ಕೇಸುಗಳ ಆಯಾ ಅಕ್ಷರದ ಖಾನೆಗೆ ತುಂಬುತ್ತಿದ್ದವನು ನಾನು. ಕೇಸುಗಳು ಕಿಟಕಿಯ ಬದಿಗೇ ಏಕಿರುತ್ತಿದ್ದವು ಎಂಬುದನ್ನು ಷಿಕಾಗೋದಲ್ಲಿ ಕುಳಿತು ಅರ್ಥ ಮಾಡಿಕೊಳ್ಳಬೇಕಾಯಿತು.

ಈ ಬೀದಿಯ ಕಟ್ಟಡಗಳು ಉದ್ದವಾಗಿಯೂ ಕಿರಿದಾಗಿಯೂ ಇರುವುದರಿಂದ ಒಳಗಿನ ಯಾವ ಜಾಗವೂ ಕಿಟಕಿಯಿಂದ ಬಹಳ ದೂರವಿಲ್ಲ. ಡಿಯರ್‌ಬಾರ್ನ್ ನಿಲ್ದಾಣದಿಂದ ಪ್ರಯಾಣಿಕರ ರೈಲುಗಳು 1971ರಲ್ಲಿ ನಿಂತು, ಮುದ್ರಕರೂ ಒಬ್ಬೊಬ್ಬರಾಗಿ ಖಾಲಿ ಮಾಡಿದ ಮೇಲೆ, 1970ರ ದಶಕದ ಕೊನೆಯಿಂದ ಇವು ಮನೆಗಳಾಗಿ ಬದಲಾಗತೊಡಗಿದವು. ವಾಸ್ತುಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನಿ 1891ರಲ್ಲಿ ಕಟ್ಟಿದ ಹದಿನಾರು ಅಂತಸ್ತಿನ ಮ್ಯಾನ್‌ಹಟನ್ ಕಟ್ಟಡದಲ್ಲಿ, 1896ರ ಫಿಷರ್ ಕಟ್ಟಡದಲ್ಲಿ ಈಗ ಜನ ವಾಸವಾಗಿದ್ದಾರೆ. ಇವಕ್ಕೆ ಹೋಲಿಸಿದರೆ ಹತ್ತಿರದ ಲಸಾಲ್ ಬೀದಿಯ ದಪ್ಪನೆಯ ಕಚೇರಿ ಕಟ್ಟಡಗಳನ್ನು ಮನೆಗಳಾಗಿಸುವುದು ಕಷ್ಟ. ನಡುಭಾಗದ ಕತ್ತಲನ್ನು ಏನು ಮಾಡುವುದೆಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಅಂಥ ಮನೆ ನೋಡಲು ಹೋದರೆ ಮಲಗುವ ಕೋಣೆಗೆ ಕಿಟಕಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಈಗ ನಮ್ಮ ಬೆಳಗು ಹೀಗಿರುತ್ತದೆ. ಆರು ಗಂಟೆಗೆ ಎದ್ದವರು ಮೊದಲು ಕೋಲು ಹಿಡಿದು ನಡುವಿನ ಕಿಟಕಿಯ ಮೇಲಿನ ಪಡಿಯನ್ನು ಇಳಿಸುತ್ತಾರೆ. ಕೊಕ್ಕೆ ಹಿತ್ತಾಳೆಯ ಕುಳಿಗೆ ಸರಿಯಾಗಿ ಕೂತಾಗ ಟಕ್ ಎಂಬ ಸದ್ದಾಗುತ್ತದೆ, ಚೌಕಟ್ಟಿನೊಳಗೆ ತೂಕಗಳು ಗೋಡೆಗೆ ತಗುಲುತ್ತಾ ಮೇಲೇರುವುದು ಕೇಳಿಸುತ್ತದೆ. ಆಮೇಲೆ ಕೆಳಗಿನ ಪಡಿ, ಆಮೇಲೆ ಒಲೆ. ಸಾಸಿವೆ ಸಿಡಿದು ಕರಿಬೇವು ಹಾಕಿದ ಮೇಲೆ ಎರಡು ನಿಮಿಷ ಬಿಟ್ಟು ಎಲ್ಲವನ್ನೂ ಮುಚ್ಚುತ್ತೇವೆ. ಕರಿಬೇವಿಗೆ ಡೆವನ್ ಬೀದಿಯ ಭಾರತೀಯ ಅಂಗಡಿಗಳವರೆಗೆ ಹೋಗುವುದು ತಪ್ಪಿದೆ, ಏಕೆಂದರೆ ಒಂದೂವರೆ ಅಡಿ ಅಗಲದ ಕಿಟಕಿಕಟ್ಟೆಯ ಮೇಲೆ ನಮ್ಮದೇ ಗಿಡವಿದೆ. 2019ರ ಜನವರಿ 30ರಂದು ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಾಗ ಅದನ್ನು ಸ್ನಾನದ ಕೋಣೆಯಲ್ಲಿಟ್ಟು ಎರಡು ದಿನ ದೀಪ ಉರಿಸಿದ್ದೆವು. ಎಲೆ ಪೂರ್ತಿ ಉದುರಿತು, ಬೇರು ಉಳಿಯಿತು. ಈಗ ಅದು ನನ್ನ ಭುಜಕ್ಕೆ ಬರುತ್ತದೆ.

ನನ್ನ ತೀರ್ಪು ನನ್ನ ಅನುಕೂಲಕ್ಕೆ ತಕ್ಕದ್ದೆಂಬುದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಕಾರಿಲ್ಲ, ಹ್ಯಾರಿಸನ್ ರೈಲು ನಿಲ್ದಾಣ ಕೂಗಳತೆಯಲ್ಲಿದೆ, ಕಾರಿಗೆ ಹೋಗಬೇಕಾದ ಹಣವೇ ಬಾಡಿಗೆಗೆ ಹೋಗುತ್ತಿದೆ. ಚಿಕ್ಕ ಮಕ್ಕಳಿರುವವರಿಗೆ, ಸೀಸದ ಬಣ್ಣದ ಕಾರಣದಿಂದ, ಇಂಥ ಮನೆಯನ್ನು ನಾನು ಶಿಫಾರಸು ಮಾಡಲಾರೆ. ಉಳಿದವರು ಮನೆ ನೋಡಲು ಹೋದಾಗ ಚಿಮಣಿಯನ್ನು ಚಾಲೂ ಮಾಡಿಸಿ ಅದರ ಮೇಲ್ತುದಿಯಲ್ಲಿ ಅಂಗೈ ಹಿಡಿಯಿರಿ. ಗಾಳಿ ಕೈಗೆ ಬಡಿದರೆ ಹೊಗೆ ಮನೆಯಲ್ಲಿಯೇ ಸುತ್ತುತ್ತದೆಂದು ತಿಳಿಯಿರಿ; ಕೂಡಲೇ ಕಿಟಕಿಯ ಬಳಿ ಹೋಗಿ ಮೇಲಿನ ಪಡಿ ಇಳಿಯುತ್ತದೆಯೇ ಎಂದು ಕೇಳಿರಿ. ತೋರಿಸಲು ಬಂದವರಿಗೆ ಉತ್ತರ ಗೊತ್ತಿರುವ ಸಂಭವ ಕಡಿಮೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದುಕೊಂಡ ಒಂದೂವರೆ ಅಂಕವೂ ಚಿಮಣಿಯ ಲೆಕ್ಕಕ್ಕೆ; ಪಕ್ಕದ ಮನೆಯ ಗೋಡೆಯನ್ನು ಕ್ಷಮಿಸಿದ್ದೇನೆ. ಹತ್ತನೆಯ ವರ್ಷದ ಕರಾರಿನ ಕಾಗದ ತಿಂಗಳಿಗೆ 90 ಡಾಲರ್ ಹೆಚ್ಚಳದೊಡನೆ ಬಂದಿದೆ. ಸಹಿ ಮಾಡುವ ಮುನ್ನ, ಉಳಿದ ಎರಡು ಕಿಟಕಿಗಳ ಮೇಲಿನ ಪಡಿಗಳನ್ನೂ ಬಿಡಿಸಿಕೊಡಬೇಕೆಂದು ಕಚೇರಿಗೆ ಬರೆದಿದ್ದೇವೆ.