ರಾಜಹಂಸಗಡದ ಏರಿನಲ್ಲಿ ಎರಡು ಮೋಟರ್

45 ದಾಟಿದ ಮೇಲೆ ನನ್ನ ಮೊಣಕಾಲು ತಕರಾರು ಶುರು ಮಾಡಿತು. ಗುಡ್ಡ ಹತ್ತೋದು ಬಿಡೋಕೆ ಮನಸ್ಸಿಲ್ಲ. ಹಾಗಾಗಿ ಹಳೆಯ ಎಂಟಿಬಿಗೆ, ಅಂದರೆ ಗುಡ್ಡದ ದಾರಿಯ ಗೇರ್ ಸೈಕಲ್ಲಿಗೆ, ಬ್ಯಾಟರಿಯಿಂದ ಓಡುವ ಮೋಟರ್ ಕಿಟ್ ಹಾಕಿಸಿದೆ. ಮೊದಲು ಹಿಂದಿನ ಚಕ್ರದ ನಡುವಿನ ಹಬ್‌ನಲ್ಲೇ ಕೂರುವ ಹಬ್ ಮೋಟರ್, ಎಂಟು ತಿಂಗಳು. ಆಮೇಲೆ ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್, ಈಗ ಒಂದು ವರ್ಷ. ಸೈಕಲ್ ಅದೇ, 36 ವೋಲ್ಟ್ 10 ಆಂಪಿಯರ್ ಅವರ್ ಬ್ಯಾಟರಿ ಅದೇ. ದಾರಿಯೂ ಅದೇ: ಬೆಳಗಾವಿಯ ಟಿಳಕವಾಡಿಯಿಂದ ಯಳ್ಳೂರ, ಅಲ್ಲಿಂದ ಗುಡ್ಡದ ಮೇಲಿನ ಕೋಟೆ ರಾಜಹಂಸಗಡ. ಎರಡೂ 250 ವ್ಯಾಟ್ ಮೋಟರ್. ಆ ಶಕ್ತಿ, ಗಂಟೆಗೆ 25 ಕಿ.ಮೀ. ವೇಗ, ಇಷ್ಟರ ಮಿತಿಯೊಳಗೆ ಇದ್ದರೆ ನೋಂದಣಿ, ಲೈಸನ್ಸ್ ತಾಪತ್ರಯ ಇಲ್ಲ.

ಹಬ್ ಮೋಟರ್ ಕೂಡಿಸಲು ಅರ್ಧ ದಿನ ಸಾಕಾಯಿತು. ಹಿಂದಿನ ಚಕ್ರ ಬಿಚ್ಚಿ ಮೋಟರ್ ಇರುವ ಚಕ್ರ ಹಾಕೋದು, ವಾಯರ್ ಜೋಡಿಸೋದು, ಅಷ್ಟೇ. ಆದರೆ ನನ್ನ 8 ಸ್ಪೀಡ್ ಕ್ಯಾಸೆಟ್, ಅಂದರೆ ಹಿಂದಿನ ಗೇರ್ ಹಲ್ಲುಚಕ್ರಗಳ ಗುಚ್ಛ, ಅದಕ್ಕೆ ಕೂಡಲಿಲ್ಲ. ತಿರುಗಿಸಿ ಹಾಕುವ 7 ಸ್ಪೀಡ್ ಫ್ರೀವೀಲ್ ತರಬೇಕಾಯಿತು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳೋದಿಲ್ಲ. ಮೋಟರ್ ಚಕ್ರವನ್ನು ಮುಂದಕ್ಕೆ ನೂಕುವಾಗ ಆ್ಯಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅಲ್ಯೂಮಿನಿಯಂ ಫ್ರೇಮ್ ಆದರೆ ಆ್ಯಕ್ಸಲ್ ಕೂರುವ ಸೀಳೇ ಅಗಲವಾಗಿ ಚಕ್ರ ಕಳಚಬಹುದು. ಅದನ್ನು ತಡೆಯಲು ಟಾರ್ಕ್ ಆರ್ಮ್, ಅಂದರೆ ಆ್ಯಕ್ಸಲ್ಲನ್ನು ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ, ಬೇಕು. ಕಿಟ್ ಜೊತೆ ಬಂದಿದ್ದು ತಗಡಿನ ಹಾಗಿತ್ತು. ಉದ್ಯಮಬಾಗದಲ್ಲಿ ಗುರುತಿನ ಲೇತ್ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ.

"ತಮ್ಮಾ, ತುಳ್ಯಾಕ ಆಗಲಿಲ್ಲಂದ್ರ ಮೋಟರ್‌ಸೈಕಲ್ ತಗೋ. ಇದೆಲ್ಲಾ ಯಾಕ ಬೇಕು?"

ಹಾಗಂದವರೇ 6 ಎಂ.ಎಂ. ಉಕ್ಕಿನ ಪಟ್ಟಿ ಕೊಯ್ದು, ಆ್ಯಕ್ಸಲ್ ಅಳತೆಗೆ ಅರದಿಂದ ಉಜ್ಜಿ ಉಜ್ಜಿ ತೂತು ಮಾಡಿಕೊಟ್ಟರು. ಚಹಾ ಕುಡಿಸಿದರು, ದುಡ್ಡು ಮಾತ್ರ ಮುಟ್ಟಲಿಲ್ಲ.

ಊರೊಳಗೆ, ಯಳ್ಳೂರಿನ ಬಾಸುಮತಿ ಗದ್ದೆಗಳ ತನಕ, ಹಬ್ ಮೋಟರ್ ಭಾಳ ಚಂದ ಓಡುತ್ತದೆ. ಸದ್ದು ಕಡಿಮೆ, ಚೈನ್ ಮೇಲೆ ಭಾರ ಇಲ್ಲ. ಗುಡ್ಡದ ಕಲ್ಲುದಾರಿಗೆ ಬಂದಾಗ ನಿಜ ಬಣ್ಣ ಗೊತ್ತಾಗುತ್ತದೆ. ನಾನು ಗೇರ್ ಇಳಿಸಿದರೆ ನನ್ನ ಕಾಲಿಗೆ ಹಗುರ, ಮೋಟರ್‌ಗೆ ಏನೂ ಇಲ್ಲ. ಅದು ಸೈಕಲ್ ಗೇರಿನ ಲೆಕ್ಕಕ್ಕೇ ಬರೋದಿಲ್ಲ ಅಲ್ವಾ? 25ರ ವೇಗಕ್ಕೆ ಮಾಡಿದ ಮೋಟರ್ 7ರ ವೇಗದಲ್ಲಿ ಏದುಸಿರು ಬಿಡುತ್ತದೆ. ಬ್ಯಾಟರಿಯಿಂದ ಎಳೆದ ಕರೆಂಟಿನಲ್ಲಿ ದೊಡ್ಡ ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಒಮ್ಮೆ ಗುಡ್ಡದ ತುದಿ ಮುಟ್ಟಿದಾಗ ಹಬ್ ಮೇಲೆ ಕೈ ಇಟ್ಟೆ. ಇಟ್ಟಷ್ಟೇ ಬೇಗ ತೆಗೆದೆ.

ಪಂಕ್ಚರ್ ಇನ್ನೊಂದು ಗೋಳು. ಜಾಲಿ ಮುಳ್ಳು ಯಾವಾಗಲೂ ಹಿಂದಿನ ಟೈರಿಗೇ ಹೊಕ್ಕುತ್ತದೆ. ವಾಯರ್ ಬಿಚ್ಚು, ದೊಡ್ಡ ಪಾನಾ ಹಾಕಿ ನಟ್ ಸಡಿಲಿಸು, ಟಾರ್ಕ್ ಆರ್ಮ್ ಬಿಚ್ಚು. ಆ ಪಾನಾ ಮನೆಯಲ್ಲಿ ಮರೆತ ದಿನ ಯಳ್ಳೂರಿನ ತನಕ ಸೈಕಲ್ ನೂಕಿಕೊಂಡು ಬಂದಿದ್ದೇನೆ.

ಮಿಡ್ ಡ್ರೈವ್‌ಗೆ ಕೊಟ್ಟಿದ್ದು ಹಬ್ ಕಿಟ್‌ನ ಎರಡೂವರೆ ಪಟ್ಟು ದುಡ್ಡು. ಹಾಕೋದೂ ಕಷ್ಟ. ಪೆಡಲ್ ಆ್ಯಕ್ಸಲ್ ಹೋಗುವ ಬಾಟಮ್ ಬ್ರಾಕೆಟ್ ಬಿಚ್ಚಬೇಕು, ನನ್ನದು ತುಕ್ಕು ಹಿಡಿದು ಕೂತಿತ್ತು. ಕೊಳ್ಳುವ ಮೊದಲು ಅದರ ಅಗಲ ಅಳೆಯಿರಿ. ಥ್ರೆಡ್ ಇರುವ 68 ಅಥವಾ 73 ಎಂ.ಎಂ. ಆದರೆ ಸಾಮಾನ್ಯವಾಗಿ ಕೂಡುತ್ತದೆ. ಥ್ರೆಡ್ ಇಲ್ಲದೆ ಒತ್ತಿ ಕೂಡಿಸಿದ ಪ್ರೆಸ್ ಫಿಟ್ ಆದರೆ ಅಡಾಪ್ಟರ್ ಹುಡುಕಬೇಕು.

ಆದರೆ ಏರಿನಲ್ಲಿ! ಇದು ಚೈನ್ ಮೂಲಕ ಎಳೆಯುತ್ತದೆ. ಚೈನ್ ಹಿಂದಿನ 34 ಹಲ್ಲಿನ ದೊಡ್ಡ ಗೇರಿಗೆ ಬಿದ್ದರೆ ನನ್ನ ಕಾಲಿಗೂ ಮೋಟರ್‌ಗೂ ಒಟ್ಟಿಗೇ ಹಗುರ. ನಡೆಯುವ ವೇಗದಲ್ಲಿ ಹತ್ತಿದರೂ ಮೋಟರ್ ತನಗೆ ಬೇಕಾದ ಸುತ್ತಿನಲ್ಲೇ ತಿರುಗುತ್ತಿರುತ್ತದೆ. ನನ್ನದರಲ್ಲಿ ಟಾರ್ಕ್ ಸೆನ್ಸರ್ ಇದೆ, ಎಷ್ಟು ಒತ್ತುತ್ತೇನೋ ಅಷ್ಟು ಕೈಜೋಡಿಸುತ್ತದೆ. ಹಬ್ ಕಿಟ್‌ನಲ್ಲಿ ಇದ್ದದ್ದು ಪೆಡಲ್ ತಿರುಗುವುದನ್ನಷ್ಟೇ ನೋಡುವ ಸೆನ್ಸರ್. ಸ್ವಲ್ಪ ತುಳಿದ ಮೇಲೆ ಒಮ್ಮೆಗೇ ನೂಕುತ್ತಿತ್ತು. ಕಲ್ಲಿನ ಮಧ್ಯೆ ನಿಂತು ಮತ್ತೆ ಹೊರಡುವಾಗ ಆ ನೂಕಿಗೆ ಎರಡು ಸಲ ಬಿದ್ದಿದ್ದೇನೆ.

ಬ್ಯಾಟರಿ ಲೆಕ್ಕ ಹೀಗಿದೆ. ನಾನು, ಸೈಕಲ್ ಸೇರಿ ಸುಮಾರು 100 ಕೆ.ಜಿ. 100 ಮೀಟರ್ ಎತ್ತರ ಏರಲು 27 ವ್ಯಾಟ್ ಅವರ್ ಸಾಕು, ಅದೂ ಏನೂ ಪೋಲಾಗದಿದ್ದರೆ. ನನ್ನ ಬ್ಯಾಟರಿಯಲ್ಲಿ 360 ಇದೆ. ಹಬ್ ಇದ್ದಾಗ ಗಡದಿಂದ ಮನೆಗೆ ಬರುವಷ್ಟರಲ್ಲಿ ಬ್ಯಾಟರಿ ತೋರಿಸುವ ಗೆರೆಗಳಲ್ಲಿ ಒಂದೇ ಕಡ್ಡಿ ಉಳಿಯುತ್ತಿತ್ತು. ಈಗ ಎರಡು, ಕೆಲವೊಮ್ಮೆ ಮೂರು.

ಇದರ ಕಾಟವೂ ಇದೆ. ಮೋಟರ್ ಪೆಡಲಿನ ಕೆಳಗೆ ಜೋತುಬಿದ್ದಿರುತ್ತದೆ, ಕಲ್ಲಿಗೆ ಬಡಿಯುತ್ತದೆ. ಚೈನ್ ಬೇಗ ಸವೆಯುತ್ತದೆ. ಒಮ್ಮೆ ಒತ್ತಿ ತುಳಿಯುತ್ತಲೇ ಗೇರ್ ಬದಲಿಸಿದೆ. ಟಪ್ ಅಂತ ಹರಿಯಿತು. ತಪ್ಪು ನನ್ನದೇ, ಅರೆಕ್ಷಣ ಕಾಲು ಹಗುರ ಬಿಡಬೇಕಿತ್ತು. ಈಗ ಚೀಲದಲ್ಲಿ ಪಾನಾ ಬದಲು ಚೈನ್ ಲಿಂಕ್ ಇರುತ್ತದೆ.

ಮಳೆಗಾಲಕ್ಕೆ ಎರಡಕ್ಕೂ ಒಂದೇ ಮದ್ದು: ಕನೆಕ್ಟರ್‌ಗಿಂತ ಸ್ವಲ್ಪ ಕೆಳಕ್ಕೆ ವಾಯರ್ ಬಾಗಿಸಿ ಕಟ್ಟಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಇಳಿಯೋದಿಲ್ಲ.

ವಾರಕ್ಕೊಮ್ಮೆಯಾದರೂ ಗುಡ್ಡ ಹತ್ತುವವರು ಮಿಡ್ ಡ್ರೈವ್‌ಗೆ ದುಡ್ಡು ಕೂಡಿಡಿ. ಊರಲ್ಲೇ ಓಡಾಡೋದಾದರೆ ಅದು ದಂಡ. ನನ್ನ ಹಬ್ ಮೋಟರ್ ಈಗ ತಮ್ಮನ ಸೈಕಲ್ಲಿನಲ್ಲಿದೆ. ದಿನಾ ಉದ್ಯಮಬಾಗಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ. ಒಮ್ಮೆಯೂ ಚೈನ್ ಹರಿದಿಲ್ಲ ಅಂತ ನನ್ನ ಎದುರಿಗೆ ಆಗಾಗ ಹೇಳುತ್ತಾನೆ, ಬೇಕಂತಲೇ.